ಇಳಿದ ಹೊತ್ತು ಬರೆಯದ ಪುಟಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಪಡೆಯ ಪ್ರತಿಯೊಂದು ಸ್ಕ್ವಾಡ್ರನ್ನೂ ಎರಡು ಬಗೆಯ ಹಾಳೆಗಳನ್ನು ತುಂಬಿಸಬೇಕಾಗಿತ್ತು. ಫಾರ್ಮ್ 540ರಲ್ಲಿ ಆಯಾ ದಿನದ ಒಟ್ಟು ವೃತ್ತಾಂತ. ಫಾರ್ಮ್ 541ರಲ್ಲಿ ಒಂದೊಂದು ಹಾರಾಟದ ವಿವರ: ವಿಮಾನದ ಮಾದರಿ ಮತ್ತು ಸಂಖ್ಯೆ, ಹಾರಿದವರ ಹೆಸರು, ವಹಿಸಿದ ಕೆಲಸ, ಏರಿದ ಹೊತ್ತು, ಇಳಿದ ಹೊತ್ತು, ಕೊನೆಗೆ ನಡೆದದ್ದರ ಸಾರಾಂಶ. ಕಲ್ಕತ್ತೆಯ ಡಂಡಂ ಮತ್ತು ಆಲಿಪುರದ ನೆಲೆಗಳಿಂದ ಬರ್ಮಾದ ಮೇಲೆ ಹಾರುತ್ತಿದ್ದ ಛಾಯಾಚಿತ್ರ ವಿಚಕ್ಷಣ ವಿಮಾನವೊಂದು ಮರಳಿ ಬಾರದೇ ಹೋದಾಗ ಆ ಹಾಳೆಯಲ್ಲಿ ಆಗುತ್ತಿದ್ದ ವ್ಯತ್ಯಾಸ ಇಷ್ಟೇ: ಇಳಿದ ಹೊತ್ತಿನ ಅಂಕಣ ಖಾಲಿ ಉಳಿಯುತ್ತಿತ್ತು. ನಮ್ಮದು ಕೇಂದ್ರ ಸರ್ಕಾರದ ನೌಕರಿ. ಅಂಕಣವೊಂದನ್ನು ಖಾಲಿ ಬಿಟ್ಟ ಕಡತಕ್ಕೆ ಆಕ್ಷೇಪಣೆ ಬರೆದು ಹಿಂದಿರುಗಿಸುವುದು ನಮಗೆ ರೂಢಿ. ಈ ಕಡತಗಳನ್ನು ಮಾತ್ರ ಯಾರಿಗೆ ಹಿಂದಿರುಗಿಸುವುದು?

ಕಲ್ಕತ್ತೆಗೆ ವರ್ಗವಾಗಿ ಬಂದ ಮೇಲೆ ನಾವು ಈ ನಗರದ ಯುದ್ಧಕಾಲವನ್ನು ಬಿಡುವಿನಲ್ಲಿ ಓದುತ್ತ ಬಂದಿದ್ದೇವೆ. 1942ರ ಡಿಸೆಂಬರ್ 20ರಂದು ಇಲ್ಲಿ ಮೊದಲ ಜಪಾನಿ ಬಾಂಬು ಬಿದ್ದದ್ದು, ಮೈದಾನದ ಅಂಚಿನ ರೆಡ್ ರೋಡ್ ಎಂಬ ರಾಜಬೀದಿಯನ್ನೇ ಓಡುದಾರಿ ಮಾಡಿಕೊಂಡು ಯುದ್ಧವಿಮಾನಗಳು ಏರಿಳಿದದ್ದು, 1943ರ ಡಿಸೆಂಬರ್ 5ರಂದು ಹಾಡಹಗಲೇ ಖಿದಿರಪುರದ ಹಡಗುಕಟ್ಟೆ ಹೊತ್ತಿ ಉರಿದದ್ದು, ಇವನ್ನೆಲ್ಲ ಊರಿನ ಹಿರಿಯರು ಇಂದಿಗೂ ಕೇಳಿದ ಮಾತಾಗಿ ಹೇಳುತ್ತಾರೆ. ಬಂದೂಕಿಲ್ಲದೆ, ಸಂಗಡಿಗರಿಲ್ಲದೆ ಮೂವತ್ತು ಸಾವಿರ ಅಡಿ ಎತ್ತರದಲ್ಲಿ ಹೋಗಿ ಬರುತ್ತಿದ್ದವರ ಕಥೆಯನ್ನು ಮಾತ್ರ ಹೇಳುವವರಿಲ್ಲ. ಅವರು ಯಾರ ಕಣ್ಣಿಗೂ ಬೀಳದಿರುವುದೇ ಅವರ ಉದ್ಯೋಗವಾಗಿತ್ತು.

ಈ ಕಥೆಯ ಆರಂಭದಲ್ಲಿ ನಮ್ಮ ಬೆಂಗಳೂರು ಬರುತ್ತದೆ. 1942ರ ಮಾರ್ಚ್ ಎರಡನೆಯ ವಾರದ ಹೊತ್ತಿಗೆ ರಂಗೂನೂ ಬಿದ್ದಿತ್ತು, ಜಾವಾ ದ್ವೀಪದ ಡಚ್ಚರೂ ಶರಣಾಗಿದ್ದರು. ಡಚ್ಚರು ಅಮೆರಿಕದಿಂದ ಕೊಂಡಿದ್ದ ಬಿ-25 ಮಿಚೆಲ್ ಬಾಂಬರುಗಳು ಆಫ್ರಿಕಾ ಮತ್ತು ಭಾರತದ ಮಾರ್ಗವಾಗಿ ಪೂರ್ವಕ್ಕೆ ಸಾಗುತ್ತಿದ್ದವು. ಅವುಗಳಲ್ಲಿ ಐದು ಬೆಂಗಳೂರಿನವರೆಗೆ ಬಂದು ನಿಂತುಬಿಟ್ಟವು. ಮುಂದೆ ಹೋಗಲು ದೇಶವೇ ಉಳಿದಿರಲಿಲ್ಲ. ಹಾಗೆ ದಿಕ್ಕಿಲ್ಲದೆ ನಿಂತ ಮಿಚೆಲ್ಲುಗಳು ಬ್ರಿಟಿಷ್ ವಾಯುಪಡೆಯ ಕೈಸೇರಿ, ಬಾಂಬಿನ ಬದಲು ಕ್ಯಾಮೆರಾ ಹೊತ್ತು ಡಂಡಂಗೆ ಬಂದವು. ಬಂದೂಕು ಕಳಚಿದ ಕೆಲವು ಹರಿಕೇನ್ ವಿಮಾನಗಳೊಂದಿಗೆ ಸೇರಿ ಇವೇ ಪೂರ್ವ ರಣರಂಗದ ಮೊದಲ ಕಣ್ಣುಗಳಾದವು. ಈ ತಂಡವೇ 1943ರ ಜನವರಿಯಲ್ಲಿ 681ನೇ ಸ್ಕ್ವಾಡ್ರನ್ ಎಂಬ ಹೆಸರು ಪಡೆಯಿತು. ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಎರಡು ಎಂಜಿನ್ನಿನ ವಿಮಾನಗಳನ್ನು ಬೇರ್ಪಡಿಸಿ 684ನೇ ಸ್ಕ್ವಾಡ್ರನ್ ಕಟ್ಟಿದರು. ಮೊದಲನೆಯದರಲ್ಲಿ ಒಬ್ಬನೇ ಹಾರುವ ಸ್ಪಿಟ್‌ಫೈರ್, ಎರಡನೆಯದರಲ್ಲಿ ಇಬ್ಬರು ಹಾರುವ ಮಾಸ್ಕಿಟೊ ಮುಖ್ಯವಾದವು. ನಡುವೆ ಸ್ವಲ್ಪ ಕಾಲ ಬಂಗಾಳದ ಪೂರ್ವಭಾಗದ ಚಾಂದಿನಾ, ಕೊಮಿಲ್ಲಾಗಳಿಗೆ ಹೋದದ್ದು ಬಿಟ್ಟರೆ ಯುದ್ಧದ ಬಹುಭಾಗ ಇವುಗಳ ಮನೆ ಡಂಡಂ ಮತ್ತು ಆಲಿಪುರ.

ಕೆಲಸದ ಸ್ವರೂಪವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿಮಾನದ ಹೊಟ್ಟೆಯಲ್ಲಿ ಕೆಳಮುಖವಾಗಿ ಕ್ಯಾಮೆರಾ ಕೂರಿಸಿರುತ್ತಿದ್ದರು. ಚಾಲಕನು ನಿಗದಿಯಾದ ಎತ್ತರದಲ್ಲಿ, ನಿಗದಿಯಾದ ವೇಗದಲ್ಲಿ, ಗೆರೆ ಎಳೆದಂತೆ ನೇರವಾಗಿ ಹಾರಬೇಕು. ಕ್ಯಾಮೆರಾ ತಾನೇ ತಾನಾಗಿ ಒಂದಾದ ಮೇಲೊಂದು ಚಿತ್ರ ತೆಗೆಯುತ್ತ ಹೋಗುತ್ತದೆ. ಒಂದು ಚಿತ್ರದ ಸುಮಾರು ಶೇಕಡಾ 60ರಷ್ಟು ಭಾಗ ಮುಂದಿನ ಚಿತ್ರದಲ್ಲಿಯೂ ಇರಬೇಕು. ಹಾಗಿದ್ದರೆ ಎರಡನ್ನೂ ಅಕ್ಕಪಕ್ಕ ಇಟ್ಟು ಜೋಡಿ ಮಸೂರದಲ್ಲಿ ನೋಡಿದಾಗ ನೆಲ ಉಬ್ಬಿ ನಿಲ್ಲುತ್ತದೆ: ಸೇತುವೆಯ ಎತ್ತರ, ರೈಲುಹಳಿಯ ಏರಿ, ಬಿದಿರು ಹೊದಿಸಿ ಮರೆಮಾಡಿದ ಕೊಟ್ಟಿಗೆಯ ನೆರಳು, ಎಲ್ಲವೂ ಕಾಣುತ್ತದೆ. ಶತ್ರುವಿನ ನೆತ್ತಿಯ ಮೇಲೆ ಹೀಗೆ ಅತ್ತಿತ್ತ ಅಲುಗದೆ ಹಾರುವುದು ಎಷ್ಟು ನಿಮಿಷದ ಕೆಲಸವೇ ಆಗಿರಲಿ, ಹಾರುವವನಿಗೆ ಅದು ಬಹಳ ದೀರ್ಘವಾದ ಹೊತ್ತು. ಕೈಯಲ್ಲಿ ಆಯುಧವಿಲ್ಲ. ಬಂದೂಕಿನ ಜಾಗದಲ್ಲಿ, ರೆಕ್ಕೆಯ ಮುಂಚೂಣಿಯ ಉದ್ದಕ್ಕೂ ಇಂಧನ ತುಂಬಿದ್ದಾರೆ. ವೇಗ ಮತ್ತು ಎತ್ತರ, ಇವೆರಡೇ ಕವಚ.

ಕಲ್ಕತ್ತೆಯಿಂದ ರಂಗೂನಿಗೆ ನೇರ ಗೆರೆಯಲ್ಲಿ ಸುಮಾರು 1,000 ಕಿಲೋಮೀಟರು. ಹೋಗುವಾಗ ಕೊಲ್ಲಿ, ಬರುವಾಗ ಕೊಲ್ಲಿ. ಇಲ್ಲವೇ ಅರಾಕಾನಿನ ಕಾಡುಬೆಟ್ಟ. ರೇಡಿಯೋದಲ್ಲಿ ಮಾತನಾಡಿದರೆ ಇರುವ ಜಾಗ ಬಯಲಾಗುತ್ತದೆ, ಆದ್ದರಿಂದ ಮೌನ. ಬಾಂಬರು ಬಿದ್ದರೆ ಜೊತೆಯ ಬಾಂಬರಿನವರು ನೋಡಿರುತ್ತಾರೆ: ಯಾವ ಎಂಜಿನ್ನಿಗೆ ಬೆಂಕಿ ಹತ್ತಿತು, ಎಷ್ಟು ಕೊಡೆಗಳು ಬಿಚ್ಚಿಕೊಂಡವು ಎಂದು ಬಂದು ಹೇಳುತ್ತಾರೆ. ಒಂಟಿ ವಿಮಾನಕ್ಕೆ ಸಾಕ್ಷಿಗಳಿಲ್ಲ. ಅದು ಕಂಡದ್ದಕ್ಕೆ ಇದ್ದ ಒಂದೇ ಸಾಕ್ಷಿ, ಅದರ ಹೊಟ್ಟೆಯೊಳಗಿನ ಫಿಲ್ಮ್ ಸುರುಳಿ, ಅದರೊಡನೆಯೇ ನೆಲಕ್ಕೋ ನೀರಿಗೋ ಸೇರುತ್ತದೆ. ಯುದ್ಧದ ಬಗೆಗೆ ನಮಗೆ ಉಳಿದಿರುವ ವೈಮಾನಿಕ ಚಿತ್ರಗಳೆಲ್ಲವೂ ಮರಳಿ ಬಂದವರು ತಂದ ಚಿತ್ರಗಳು. ಬಾರದವರು ಕೊನೆಗೆ ಏನನ್ನು ನೋಡಿದರು ಎಂಬುದು ಚರಿತ್ರೆಯೊಳಕ್ಕೆ ಬರಲೇ ಇಲ್ಲ.

ಬಾರದಿರಲು ಕಾರಣಗಳು ಅನೇಕ, ಮತ್ತು ಶತ್ರು ಅವುಗಳಲ್ಲಿ ಒಬ್ಬ ಮಾತ್ರ. ಮುಂಗಾರಿನ ಮೋಡ ಹೇಗಿತ್ತೆಂಬುದಕ್ಕೆ ಒಂದೇ ನಿದರ್ಶನ ಸಾಕು. 1944ರ ಆಗಸ್ಟ್ 10ರಂದು 615ನೇ ಸ್ಕ್ವಾಡ್ರನ್ನಿನ 16 ಸ್ಪಿಟ್‌ಫೈರ್‌ಗಳು ಮಣಿಪುರದ ಪಾಲೇಲಿನಿಂದ ಕಲ್ಕತ್ತೆಯ ಬಳಿಯ ಬೈಗಾಚಿಗೆ ಹೊರಟಿದ್ದವು. ಯುದ್ಧವಲ್ಲ, ಬರಿಯ ಸ್ಥಳಾಂತರ. ದಾರಿಯಲ್ಲಿ ಬಿರುಮೋಡದೊಳಗೆ ಸಿಕ್ಕು ಎಂಟು ವಿಮಾನಗಳು ನಾಶವಾದವು, ನಾಲ್ವರು ಚಾಲಕರು ಸತ್ತರು. ಹದಿನಾರರ ಗುಂಪಿಗೇ ಈ ಗತಿಯಾದರೆ ಒಂಟಿಯಾಗಿ ಹೋದವನ ಪಾಡನ್ನು ಊಹಿಸಿಕೊಳ್ಳಬಹುದು. ಇನ್ನು ಮಾಸ್ಕಿಟೊ. ಅದು ಮರದ ವಿಮಾನ. ಪ್ಲೈವುಡ್ ಮತ್ತು ಬಾಲ್ಸಾ ಹಲಗೆಗಳನ್ನು ಅಂಟಿನಿಂದ ಕೂಡಿಸಿ ಮಾಡಿದ್ದು. 1944ರ ಅಕ್ಟೋಬರಿನಲ್ಲಿ ಭಾರತದಲ್ಲಿ ಮಾಸ್ಕಿಟೊಗಳು ಹಾರುತ್ತಿದ್ದಂತೆಯೇ ರೆಕ್ಕೆ ಕಿತ್ತು ಬಿದ್ದ ಮೇಲೆ ನವೆಂಬರಿನಲ್ಲಿ ಹಾರಾಟ ನಿಲ್ಲಿಸಿ ಒಂದೊಂದನ್ನೂ ತಪಾಸಣೆ ಮಾಡಿದರು. ಬಂಗಾಳದ ಬಿಸಿಲು ತೇವಗಳಿಗೆ ಅಂಟು ಸಡಿಲಿತೋ, ಕಾರ್ಖಾನೆಯಲ್ಲಿಯೇ ಜೋಡಣೆ ಕೆಟ್ಟಿತ್ತೋ ಎಂಬ ಜಗಳ ಅಂದೇ ಹುಟ್ಟಿತು. ಅದಕ್ಕೆ ಮುಂಚೆ ಮಾಯವಾದ ಮಾಸ್ಕಿಟೊಗಳಲ್ಲಿ ಯಾವುದನ್ನು ಶತ್ರು ಹೊಡೆದ, ಯಾವುದನ್ನು ಮೋಡ ಮುರಿಯಿತು, ಯಾವುದನ್ನು ಅಂಟು ಕೈಬಿಟ್ಟಿತು? ದಿನಚರಿಯ ಹಾಳೆಯಲ್ಲಿ ಮೂರಕ್ಕೂ ಒಂದೇ ವಾಕ್ಯ.

ಹಾಗಾದರೆ ಹುಡುಕುವವನು ಎಲ್ಲಿಂದ ಹೊರಡಬೇಕು? ಸ್ಕ್ವಾಡ್ರನ್ನಿನ ದಿನಚರಿಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲಾಗಾರದಲ್ಲಿ ಏರ್ 27 ಎಂಬ ಶ್ರೇಣಿಯಲ್ಲಿವೆ. ಮೊದಲ ತೊಡಕು ಹೆಸರಿನದು. 1946ರ ಆಗಸ್ಟಿನಲ್ಲಿ 681ನ್ನು 34ನೇ ಸ್ಕ್ವಾಡ್ರನ್ ಎಂದೂ, ಸೆಪ್ಟೆಂಬರಿನಲ್ಲಿ 684ನ್ನು 81ನೇ ಸ್ಕ್ವಾಡ್ರನ್ ಎಂದೂ ಮರುನಾಮಕರಣ ಮಾಡಿದರು. ಹಳೆಯ ಸಂಖ್ಯೆಗಳು ಅಲ್ಲಿಗೆ ಮುಗಿದವು. ತಮ್ಮವರ ನೆನಪನ್ನು ಕಾಪಾಡಬೇಕಾದ ಮನೆಯೇ ಹೆಸರು ಕಳೆದುಕೊಂಡಿತು.

ಎರಡನೆಯ ತೊಡಕು ಗಡಿಯಾರದ್ದು. ಇದು ನಮಗೆ ಬಹಳ ಸ್ವಾರಸ್ಯವಾಗಿ ಕಂಡಿತು. 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ ಭಾರತದ ಗಡಿಯಾರವನ್ನು ಯುದ್ಧದ ನಿಮಿತ್ತ ಒಂದು ಗಂಟೆ ಮುಂದಿಟ್ಟಿದ್ದರು, ಅಂದರೆ ಗ್ರೀನ್‌ವಿಚ್‌ಗಿಂತ ಆರೂವರೆ ಗಂಟೆ ಮುಂದೆ. ಜಪಾನೀಯರು ತಾವು ಗೆದ್ದ ಬರ್ಮಾದಲ್ಲಿ ಟೋಕಿಯೋದ ವೇಳೆಯನ್ನೇ ಜಾರಿಗೆ ತಂದರು, ಅದು ಒಂಬತ್ತು ಗಂಟೆ ಮುಂದೆ. ಆಲಿಪುರದಲ್ಲಿ ಬೆಳಗಿನ ಹತ್ತು ಗಂಟೆಯಾದಾಗ ಮಿಂಗಲಾಡಾನ್ ನೆಲೆಯ ಜಪಾನಿ ಚಾಲಕನ ಕೈಗಡಿಯಾರದಲ್ಲಿ ಹನ್ನೆರಡೂವರೆ. ಅದಲ್ಲದೆ ಈ ಊರಿಗೆ ಕಲ್ಕತ್ತಾ ವೇಳೆ ಎಂಬ ತನ್ನದೇ ಮೂರನೆಯ ಲೆಕ್ಕವೂ ಇತ್ತು. 1948ರವರೆಗೂ ಅದನ್ನು ಬಿಡಲಿಲ್ಲ. ಆ ಕಡೆ ಒಂದು ವಿಮಾನವನ್ನು ಕೆಡವಿದೆವೆಂಬ ಹೇಳಿಕೆಯನ್ನೂ, ಈ ಕಡೆ ಒಂದು ವಿಮಾನ ಬಾರದ ವರದಿಯನ್ನೂ ಹೊಂದಿಸಿ ನೋಡುವವನು ಈ ಎರಡೂವರೆ ಗಂಟೆಯನ್ನು ಮರೆತರೆ, ಸತ್ತವನನ್ನು ಅವನು ಸತ್ತ ಮೇಲೂ ಅಷ್ಟು ಹೊತ್ತು ಆಕಾಶದಲ್ಲಿ ಹಾರಿಸುತ್ತಲೇ ಇರುತ್ತಾನೆ. ಅದಕ್ಕಿಂತ ದೊಡ್ಡ ತೊಡಕೆಂದರೆ 1945ರ ಆಗಸ್ಟಿನಲ್ಲಿ ಸೋಲು ಖಚಿತವಾದಾಗ ಜಪಾನೀಯರು ತಮ್ಮ ಸೇನಾದಾಖಲೆಗಳಲ್ಲಿ ಬಹುಪಾಲನ್ನು ಸುಟ್ಟುಹಾಕಿದ್ದು. ಹೊಂದಿಸಲು ಎರಡನೆಯ ಹಾಳೆಯೇ ಅನೇಕ ಸಲ ಇರುವುದಿಲ್ಲ.

ಯುರೋಪಿನಲ್ಲಿ ಈ ಕೆಲಸ ಸ್ವಲ್ಪ ಸುಲಭ. ಮಾಲ್ಟಾದ ಮೇಲಿನ ವಿಚಕ್ಷಣೆಯಿಂದ ಪ್ರಸಿದ್ಧನಾದ ಏಡ್ರಿಯನ್ ವಾರ್‌ಬರ್ಟನ್ 1944ರ ಏಪ್ರಿಲ್ 12ರಂದು ಇಂಗ್ಲೆಂಡಿನಿಂದ ಹೊರಟು ಕಣ್ಮರೆಯಾದ. 2002ರಲ್ಲಿ ಬವೇರಿಯಾದ ಎಗ್ಲಿಂಗ್ ಎಂಬ ಹಳ್ಳಿಯ ಹೊಲದಲ್ಲಿ ಅವನ ವಿಮಾನವನ್ನು ಅಗೆದು ತೆಗೆದರು. ಅದೇ ವರ್ಷದ ಜುಲೈ 31ರಂದು ಕಾರ್ಸಿಕಾದಿಂದ ಹೊರಟ ಫ್ರೆಂಚ್ ವಿಚಕ್ಷಣ ಚಾಲಕನನ್ನು ನಮ್ಮ ಓದುಗರು ಬೇರೆ ಕಾರಣಕ್ಕೆ ಬಲ್ಲರು. ಅವನು ‘ಲಿಟಲ್ ಪ್ರಿನ್ಸ್’ ಬರೆದ ಸೇಂಟ್ ಎಕ್ಸುಪೆರಿ. 1998ರಲ್ಲಿ ಮಾರ್ಸೇಲ್ಸ್ ಬಳಿ ಬೆಸ್ತನೊಬ್ಬನ ಬಲೆಗೆ ಅವನ ಕೈಬಳೆ ಸಿಕ್ಕಿತು. ಸಮುದ್ರದಡಿ ದೊರೆತ ಅವಶೇಷದ ಸಂಖ್ಯೆಯಿಂದ 2004ರಲ್ಲಿ ಅದು ಅವನ ವಿಮಾನವೇ ಎಂದು ದೃಢಪಟ್ಟಿತು. ಹೊಲ ಉಳುವ ರೈತ, ಬಲೆ ಎಳೆಯುವ ಬೆಸ್ತ ಇರುವಲ್ಲಿ ಒಂದಲ್ಲ ಒಂದು ದಿನ ಕುರುಹು ಸಿಗುತ್ತದೆ. ಅರಾಕಾನಿನ ಕಾಡಿನಲ್ಲಿ, ಐರಾವತಿಯ ಮುಖಜ ಭೂಮಿಯ ಕೆಸರಿನಲ್ಲಿ ಉಳುವವರೂ ಕಡಿಮೆ, ಉತ್ತವರನ್ನು ಕೇಳಿದವರೂ ಕಡಿಮೆ.

ಕೇಳುವುದು ಎಂಬ ಮಾತು ಬಂದದ್ದರಿಂದ ಕನ್ನಡನಾಡಿನ ಒಂದು ಪ್ರಕರಣವನ್ನು ಇಲ್ಲಿ ಸ್ಮರಿಸಬೇಕು. ಅದು ವಿಚಕ್ಷಣ ವಿಮಾನದ್ದಲ್ಲ, ಯುದ್ಧವೂ ಬೇರೆ. ಆದರೆ ಕಾಣೆಯಾದವನನ್ನು ಹುಡುಕುವ ಕೆಲಸ ಹೇಗೆ ನಡೆಯುತ್ತದೆಂಬುದಕ್ಕೆ ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆಯಿಲ್ಲ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಆದಂಪುರದಿಂದ ಮಿಸ್ಟೇರ್ ವಿಮಾನದಲ್ಲಿ ಸರ್ಗೋಧಾ ದಾಳಿಗೆ ಹೊರಟರು. ಅವರು ಕಾಯ್ದಿರಿಸಿದ ಚಾಲಕ. ತಂಡದಲ್ಲಿ ತೆರವಾದ ಜಾಗ ತುಂಬಲು ಹೋದವರು. ಮರಳಲಿಲ್ಲ. ನಮ್ಮ ವಾಯುಪಡೆಯ ಲೆಕ್ಕದಲ್ಲಿ ಅವರು ಕಾಣೆಯಾದವರಷ್ಟೇ. 14 ವರ್ಷಗಳ ಬಳಿಕ, 1979ರಲ್ಲಿ, ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಪಾಕಿಸ್ತಾನದ ವಾಯುಪಡೆಯ ನೆರವಿನಿಂದ ಆ ಯುದ್ಧದ ಪುಸ್ತಕ ಬರೆದಾಗ, ಆ ಕಡೆಯ ಕಥೆ ಹೊರಬಿತ್ತು. ಅತಿವೇಗದ ಎಫ್-104 ಸ್ಟಾರ್‌ಫೈಟರ್ ವಿಮಾನವೊಂದು ಮಿಸ್ಟೇರನ್ನು ಬೆನ್ನಟ್ಟಿ ಹೊಡೆದಿತ್ತು. ಪೆಟ್ಟು ತಿಂದ ಮಿಸ್ಟೇರ್ ತಿರುಗಿ ನಿಂತು ಹೋರಾಡಿ ಅದನ್ನು ಕೆಡವಿತ್ತು. ಅದರ ಚಾಲಕ ಅಮ್ಜದ್ ಹುಸೇನ್ ಹಾರಿ ಬದುಕಿಕೊಂಡಿದ್ದ. ಆ ದಿನ ಅಲ್ಲಿ ಹಾಗೆ ಒಂಟಿಯಾಗಿ ಉಳಿದಿರಬಹುದಾದ ಭಾರತೀಯ ಚಾಲಕ ಒಬ್ಬರೇ. ದಾಖಲೆಗಳನ್ನು ಹೊಂದಿಸಿ ನೋಡಿ 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಕೊಟ್ಟರು. ಸಾವಿನಿಂದ ಗೌರವಕ್ಕೆ 23 ವರ್ಷ. ಸಾಕ್ಷಿ ಹೇಳಿದವರು ಶತ್ರುಗಳೇ. ಅವರು ಹೇಳದಿದ್ದರೆ ಮಡಿಕೇರಿಯಲ್ಲಿ ಇಂದು ಅವರ ಹೆಸರಿನ ವೃತ್ತ ಇರುತ್ತಿತ್ತೋ ಇಲ್ಲವೋ.

ಮತ್ತೆ ಕಲ್ಕತ್ತೆಗೆ ಬರೋಣ. ಇಲ್ಲಿ ಒಂದು ಪ್ರಶ್ನೆ ನಮ್ಮನ್ನು ಬಹುಕಾಲ ಕಾಡಿದೆ. ಅದನ್ನು ಮರೆಮಾಚಿ ಬರೆಯುವುದು ಸರಿಯಲ್ಲ. 1943ರ ಆಗಸ್ಟ್ 22ರಂದು ‘ಸ್ಟೇಟ್ಸ್‌ಮನ್’ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಈ ನಗರದ ಬೀದಿಗಳಲ್ಲಿ ಹಸಿವಿನಿಂದ ಬಿದ್ದವರ ಚಿತ್ರಗಳನ್ನು ಅಚ್ಚು ಹಾಕಿದರು. ಅದೇ ಆಗಸ್ಟ್ ತಿಂಗಳಿನಲ್ಲಿ ಡಂಡಂನಿಂದ ಮಾಸ್ಕಿಟೊಗಳು ಬರ್ಮಾದ ಮೇಲೆ ಮೊದಲ ಚಿತ್ರಗಳನ್ನು ತೆಗೆಯತೊಡಗಿದ್ದವು. ಒಂದೇ ಊರು, ಒಂದೇ ತಿಂಗಳು, ಎರಡು ಬಗೆಯ ಕ್ಯಾಮೆರಾಗಳು. ಬಂಗಾಳಕ್ಕೆ ಅಕ್ಕಿ ಬರುತ್ತಿದ್ದ ರಂಗೂನಿನ ಹಡಗುಕಟ್ಟೆಗಳನ್ನು ಮೇಲಿನಿಂದ ಅಂಗುಲ ಅಂಗುಲವಾಗಿ ಓದುತ್ತಿದ್ದ ಆಡಳಿತಕ್ಕೆ, ತನ್ನ ನೆಲೆಯ ಬೇಲಿಯಾಚೆ ಗಂಜಿಗಾಗಿ ಕೂಗುತ್ತಿದ್ದವರು ಕಾಣಲು ಪತ್ರಿಕೆಯೊಂದು ಬೇಕಾಯಿತು. 1945ರ ವಿಚಾರಣಾ ಆಯೋಗ ಸತ್ತವರನ್ನು ಸುಮಾರು 15 ಲಕ್ಷ ಎಂದಿತು. ಆಮೇಲಿನ ಅಂದಾಜುಗಳು 30 ಲಕ್ಷದ ಸುತ್ತಮುತ್ತ ಇವೆ. ಎರಡು ಅಂಕೆಗಳ ನಡುವಿನ ವ್ಯತ್ಯಾಸವೇ 15 ಲಕ್ಷ ಮನುಷ್ಯರು. ಅತ್ತ, ಯುದ್ಧ ಮುಗಿದಾಗ ಕಾಣೆಯಾದ ತನ್ನ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿಗಾಗಿ ಬ್ರಿಟಿಷ್ ವಾಯುಪಡೆ ಪ್ರತ್ಯೇಕ ಶೋಧ ಇಲಾಖೆಯನ್ನೇ ಸ್ಥಾಪಿಸಿ, ಯುರೋಪಿನ ಹಳ್ಳಿಗಳಿಂದ ಬರ್ಮಾದ ಕಾಡುಗಳವರೆಗೆ ಅಧಿಕಾರಿಗಳನ್ನು ಅಟ್ಟಿತು. ಪ್ರತಿಯೊಬ್ಬನಿಗೂ ಒಂದು ಕಡತ.

ಹಾಗೆಂದು ಕಾಣೆಯಾದ ಚಾಲಕನನ್ನು ಹುಡುಕುವುದು ವ್ಯರ್ಥವೆಂದು ನಾವು ಹೇಳುವವರಲ್ಲ. ಹೆಸರು ಹಿಡಿದು ಹುಡುಕುವ ಆ ಹಟ ಸರಿಯಾದದ್ದೇ. ಅದು ಕೆಲವರಿಗೆ ಮಾತ್ರ ಸಲ್ಲಿತು ಎಂಬುದೇ ನಮ್ಮ ತಕರಾರು. ನಮ್ಮ ನಾಡಿನ ವೀರಗಲ್ಲಿನ ಸಂಪ್ರದಾಯ ಈ ವಿಷಯದಲ್ಲಿ ಹೆಚ್ಚು ಉದಾರವಾಗಿತ್ತೆಂದು ತೋರುತ್ತದೆ. ಹತ್ತನೆಯ ಶತಮಾನದ ಆತಕೂರಿನ ಕಲ್ಲಿನಲ್ಲಿ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರು ಕೂಡ ಉಳಿದಿದೆ. ಡಂಡಂ ಮತ್ತು ಆಲಿಪುರದ ನೆಲೆಗಳಲ್ಲಿ ಓಡುದಾರಿಗೆ ಕಲ್ಲು ಹೊತ್ತವರ, ಪೆಟ್ರೋಲು ಪೀಪಾಯಿ ಉರುಳಿಸಿದವರ, ಅಡುಗೆ ಮಾಡಿದವರ, ಬಟ್ಟೆ ಒಗೆದವರ ಹೆಸರು ಫಾರ್ಮ್ 541ರಲ್ಲಿ ಇಲ್ಲ. ಅದಕ್ಕೆ ಅಂಕಣವೇ ಇರಲಿಲ್ಲ. ಖಾಲಿ ಉಳಿದ ಅಂಕಣ ಒಂದು ಬಗೆ, ಎಳೆಯದೇ ಹೋದ ಅಂಕಣ ಇನ್ನೊಂದು ಬಗೆ. ಭಾರತೀಯ ಚಾಲಕರ ವಿಷಯದಲ್ಲಿ ಅಷ್ಟು ಅನ್ಯಾಯವಾಗಲಿಲ್ಲ. ಮೆಹರ್ ಸಿಂಗರ ನಾಯಕತ್ವದ ಭಾರತೀಯ ವಾಯುಪಡೆಯ 6ನೇ ಸ್ಕ್ವಾಡ್ರನ್ ಹರಿಕೇನುಗಳಲ್ಲಿ ಅರಾಕಾನಿನ ಮರಗಳ ತಲೆ ಸವರುವಂತೆ ಹಾರಿ ಚಿತ್ರ ತಂದು ಹದಿನಾಲ್ಕನೆಯ ಸೈನ್ಯದ ಕಣ್ಣು ಎನ್ನಿಸಿಕೊಂಡಿತು. ಆ ಚರಿತ್ರೆ ಪುಸ್ತಕಗಳಲ್ಲಿದೆ.

ಭವಾನಿಪುರದ ಯುದ್ಧ ಸಮಾಧಿಗಳ ನಡುವೆ ಒಂದು ಭಾನುವಾರ ಓಡಾಡಿದೆವು. ಬಿಳಿಯ ಕಲ್ಲುಗಳು, ಕತ್ತರಿಸಿದ ಹುಲ್ಲು. ವಾಯುಪಡೆಯ ಲಾಂಛನವಿರುವ ಕಲ್ಲುಗಳ ಮುಂದೆ ನಿಂತು ವಯಸ್ಸು ಓದಿದರೆ ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಈ ಜಾಗದ ಇನ್ನೊಂದು ಕಥೆ ನೆನಪಾಗದಿರದು. ಚಾರ್ಲ್ಸ್ ಡಿಕನ್ಸನ ಮಗ, ಲೆಫ್ಟಿನೆಂಟ್ ವಾಲ್ಟರ್, 1863ರ ಕೊನೆಯ ದಿನ ಕಲ್ಕತ್ತೆಯಲ್ಲಿ ಸತ್ತು ಭವಾನಿಪುರದಲ್ಲಿ ಮಣ್ಣಾದ. ಅವನ ಹೆಸರಿನ ಕಲ್ಲನ್ನು ಆಮೇಲೆ ಸೌತ್ ಪಾರ್ಕ್ ಸ್ಟ್ರೀಟಿನ ಹಳೆಯ ಸ್ಮಶಾನಕ್ಕೆ ಒಯ್ದರು. ದೇಹ ಒಂದು ಕಡೆ, ಕಲ್ಲು ಒಂದು ಕಡೆ. ದೇಹವೇ ಸಿಗದ ವೈಮಾನಿಕರ ಹೆಸರುಗಳಾದರೋ ಕಲ್ಕತ್ತೆಯಲ್ಲೂ ಇಲ್ಲ, ರಂಗೂನಿನಲ್ಲೂ ಇಲ್ಲ. ಸಿಂಗಾಪುರದ ಕ್ರಾಂಜಿಯಲ್ಲಿ, 24,000ಕ್ಕೂ ಹೆಚ್ಚು ಹೆಸರುಗಳಿರುವ ಗೋಡೆಗಳ ಮೇಲಿವೆ.

ಕಾಣೆಯಾದವರೆಲ್ಲ ಸತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಸೆರೆಸಿಕ್ಕ ವೈಮಾನಿಕರನ್ನು ರಂಗೂನಿನ ಜೈಲಿನಲ್ಲಿ ಇಟ್ಟಿದ್ದರು. 1945ರ ಏಪ್ರಿಲ್ ಕೊನೆಯಲ್ಲಿ ಜಪಾನಿ ಕಾವಲುಗಾರರು ರಾತ್ರೋರಾತ್ರಿ ಊರು ಬಿಟ್ಟಾಗ, ಒಳಗಿದ್ದವರು ಜೈಲಿನ ಮಾಡು ಹತ್ತಿ, ಆಕಾಶದಿಂದ ಓದಲು ಬರುವಷ್ಟು ದೊಡ್ಡ ಅಕ್ಷರಗಳಲ್ಲಿ ಜಪಾನೀಯರು ಹೋದರು ಎಂದು ಬಣ್ಣದಲ್ಲಿ ಬರೆದರು. ಮೇಲೆ ಹಾರುವ ತಮ್ಮವರು ಕೆಳಗೆ ನೋಡಿಯೇ ನೋಡುತ್ತಾರೆಂಬ ನಂಬಿಕೆ ಅವರಿಗಿತ್ತು. ಮೇ 2ರಂದು ಮಾಸ್ಕಿಟೊ ಹಾರಿಸುತ್ತಿದ್ದ 110ನೇ ಸ್ಕ್ವಾಡ್ರನ್ನಿನ ನಾಯಕ ಸಾಂಡರ್ಸ್ ಮಿಂಗಲಾಡಾನಿನ ಹೊಂಡಬಿದ್ದ ಓಡುದಾರಿಯ ಮೇಲೆ ಇಳಿದು, ನಡೆದೇ ರಂಗೂನು ಸೇರಿ, ಆ ಜೈಲಿಗೆ ಹೋದ.

ಇನ್ನು ಮರಳಿ ಬಂದ ಚಿತ್ರಗಳ ಮಾತು. ಪೀಟರ್ ವಿಲಿಯಮ್ಸ್-ಹಂಟ್ ಎಂಬ ಸೇನಾಧಿಕಾರಿ ಆಗ್ನೇಯ ಏಷ್ಯಾದ ವೈಮಾನಿಕ ಚಿತ್ರಗಳನ್ನು ಓದುವ ಕೆಲಸದಲ್ಲಿದ್ದವನು. ಯುದ್ಧಕಾಲದಲ್ಲೂ ಅದರ ಬೆನ್ನಿಗೂ ಬ್ರಿಟಿಷ್ ವಾಯುಪಡೆ ತೆಗೆದ ಚಿತ್ರಗಳಲ್ಲಿ, ಸಯಾಮಿನ ಈಶಾನ್ಯ ಭಾಗದಲ್ಲಿ ಕಂದಕ ಸುತ್ತುವರಿದ ಹತ್ತಾರು ವಿಚಿತ್ರ ಆಕೃತಿಗಳನ್ನು ಅವನು ಗುರುತಿಸಿ, 1950ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಪ್ರಕಟಿಸಿದ. ಅವು ಪ್ರಾಚೀನ ಜನವಸತಿಗಳು. ಇಂದು ಥಾಯ್ಲೆಂಡಿನ ಪುರಾತತ್ತ್ವದ ಮುಖ್ಯ ವಿಷಯಗಳಲ್ಲೊಂದು. ರೈಲುದಾರಿಯನ್ನೋ ವಿಮಾನನೆಲೆಯನ್ನೋ ಹುಡುಕಿ ಹೋದ ಚಾಲಕನಿಗೆ ತನ್ನ ಫಿಲ್ಮಿನಲ್ಲಿ ಸಾವಿರಾರು ವರ್ಷದ ಊರೊಂದು ಸಿಕ್ಕಿಕೊಂಡದ್ದು ತಿಳಿದಿರಲಾರದು. ಆ ಸಂಗ್ರಹ ಈಗ ಲಂಡನ್ ವಿಶ್ವವಿದ್ಯಾಲಯದ ಪೌರ್ವಾತ್ಯ ಅಧ್ಯಯನ ಸಂಸ್ಥೆಯಲ್ಲಿದೆ. ಆ ಕಾಲದ ವೈಮಾನಿಕ ಚಿತ್ರಗಳ ಅಂಚಿನಲ್ಲಿ ಹಾರಾಟದ ಸಂಖ್ಯೆ ಮತ್ತು ತಾರೀಖನ್ನು ಬರೆಯುವ ಪದ್ಧತಿಯಿತ್ತು. ಅದನ್ನು ಹಿಡಿದು ಕ್ಯೂನಲ್ಲಿರುವ ದಿನಚರಿಯ ಆ ದಿನದ ಪುಟಕ್ಕೆ ಹೋದರೆ, ಅಂದು ಹಾರಿದವನ ಹೆಸರು ಸಿಗುತ್ತದೆ. ಮುಂದಿನ ಪುಟಗಳನ್ನು ತಿರುಗಿಸುತ್ತ ಹೋದರೆ, ಅವನು ಇನ್ನೆಷ್ಟು ಸಲ ಹಾರಿದ ಎಂಬುದೂ.